ಲೇಸು ಬರೆದ ಕೈ, ರಸ್ತೆ ಕಡಿದ ಕೈ

ಒಂದು ಚಿತ್ರದ ವಿಚಾರ ಬರೆಯಬೇಕಾಗಿದೆ. ನಮ್ಮೂರಿನ ಚಿತ್ರ ಅಲ್ಲ, ನಮ್ಮ ದೇಶದ್ದೂ ಅಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಫ್ರಾನ್ಸನ್ನು ಆಳಿದ ಒಬ್ಬ ಮಂತ್ರಿಯದು. ಅದೂ ಮೂಲಚಿತ್ರವಲ್ಲ, ನಕಲು. ‘ಅಲ್ಲಯ್ಯಾ, ಬರೆಯೋಕೆ ನಿನಗೆ ಬೇರೇನೂ ಸಿಗಲಿಲ್ವಾ?’ ಅಂತ ಗೆಳೆಯರು ಕೇಳಿದರು. ಸಿಕ್ಕಿದೆ. ಆದರೆ ಈ ಚಿತ್ರ ಒಂದು ಪ್ರಶ್ನೆಯನ್ನು ನನ್ನ ತಲೆಗೆ ಹೊರಿಸಿ ಕೂತಿದೆ. ಆ ಹೊರೆ ಇಳಿಸದೆ ಬೇರೆ ಏನನ್ನೂ ಬರೆಯಲಾರೆ.

ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿದೆ. ನಾನು ಕಂಡದ್ದು ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿ ಅಚ್ಚಾಗಿದ್ದನ್ನು. ಅಂದರೆ ನಕಲಿನ ನಕಲು. ಚಿತ್ರದಲ್ಲಿ ಒಬ್ಬ ಮುದುಕ ಕುರ್ಚಿಯಲ್ಲಿ ಕೂತಿದ್ದಾನೆ. ಬಿಳಿ ಕೂದಲು. ಮೈತುಂಬ ಕಾರ್ಡಿನಲ್‌ಗಳು ಉಡುವ ಕೆಂಪು ರೇಷ್ಮೆ. ಆ ಕೆಂಪಿನ ನಡುವೆ ಬಿಳಿ ಲೇಸು, ಜೇಡರ ಬಲೆಯಷ್ಟು ಸಣ್ಣ ನೂಲಿನ ಕೆಲಸ. ಮುಖದಲ್ಲಿ ಸಿಟ್ಟಿಲ್ಲ, ದರ್ಪವಿಲ್ಲ. ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜನ ಹಾಗೆ ಕಾಣುತ್ತಾನೆ. ಇವನು ಕಾರ್ಡಿನಲ್ ಫ್ಲರಿ. ಮೂಲಚಿತ್ರ ಬರೆದವನು ಇಯಸಾಂತ್ ರಿಗೋ, 1728ರಲ್ಲಿ. ಈ ನಕಲು ರಿಗೋನ ಚಿತ್ರಶಾಲೆಗೆ ಸೇರಿದ ಕೈಗಳ ಕೆಲಸ. ಯಾರ ಕೈ? ಚಿತ್ರದ ಮೇಲೆ ಹೆಸರಿಲ್ಲ.

ಈ ‘ಯಾರ ಕೈ’ ಅನ್ನೋದೇ ನನ್ನ ಪ್ರಶ್ನೆ.

ಮೊದಲು ಕುರ್ಚಿಯಲ್ಲಿ ಕೂತವನನ್ನು ನೋಡೋಣ. ಆಂದ್ರೆ ಎರ್ಕ್ಯೂಲ್ ದ ಫ್ಲರಿ ಹುಟ್ಟಿದ್ದು 1653ರಲ್ಲಿ, ದಕ್ಷಿಣ ಫ್ರಾನ್ಸಿನ ಲೊದೇವ್ ಎಂಬ ಊರಿನಲ್ಲಿ. ಅಪ್ಪ ಚರ್ಚಿನ ತೆರಿಗೆ ವಸೂಲಿಗಾರ. ದೊಡ್ಡ ಮನೆತನವಲ್ಲ. ಮಗ ಪಾದ್ರಿಯಾದ, ಬಿಷಪ್ ಆದ, ಆಮೇಲೆ ಎಳೆಯ ರಾಜ ಹದಿನೈದನೇ ಲೂಯಿಗೆ ಮೇಷ್ಟ್ರಾದ. 1726ರಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, ಶಿಷ್ಯನ ರಾಜ್ಯದ ಆಡಳಿತವೆಲ್ಲ ಇವನ ಕೈಗೆ ಬಂತು. ಪ್ರಧಾನಮಂತ್ರಿ ಅನ್ನೋ ಬಿರುದನ್ನು ಮಾತ್ರ ಹಾಕಿಕೊಳ್ಳಲಿಲ್ಲ. 1743ರ ಜನವರಿಯಲ್ಲಿ ಸಾಯುವವರೆಗೂ ಕುರ್ಚಿ ಬಿಡಲಿಲ್ಲ.

ಚರಿತ್ರೆಯ ಪುಸ್ತಕಗಳು ಇವನನ್ನು ಹೊಗಳುತ್ತವೆ. ಸುಮ್ಮನೆ ಹೊಗಳೋದಿಲ್ಲ, ಕಾರಣ ಇದೆ. ಹದಿನಾಲ್ಕನೇ ಲೂಯಿಯ ಯುದ್ಧಗಳಿಂದ ದೇಶ ಸಾಲದಲ್ಲಿ ಮುಳುಗಿತ್ತು. ಇವನು ಆದಷ್ಟೂ ಯುದ್ಧ ತಪ್ಪಿಸಿದ. ದುಂದು ಕಡಿಮೆ ಮಾಡಿದ. 1726ರಲ್ಲಿ ನಾಣ್ಯದ ಬೆಲೆ ಒಂದು ಕಡೆ ನಿಂತಿತು. ಮುಂದೆ ಮಹಾಕ್ರಾಂತಿಯ ತನಕ ಹೆಚ್ಚುಕಡಿಮೆ ಹಾಗೇ ಉಳಿಯಿತು. ತನಗಾಗಿ ಲೂಟಿ ಹೊಡೆದವನೂ ಅಲ್ಲ. ಆ ಕಾಲದ ಮಂತ್ರಿಗಳ ಸಾಲಿನಲ್ಲಿ ಇವನು ಸರಳ, ಮಿತವ್ಯಯಿ, ಸಮಾಧಾನಿ. ಒಟ್ಟಿನಲ್ಲಿ ‘ಒಳ್ಳೆ ಮನುಷ್ಯ’.

ಅದಕ್ಕೇ ಈ ಚಿತ್ರವನ್ನು ಆರಿಸಿಕೊಂಡೆ. ಕ್ರೂರಿಯ ಚಿತ್ರವನ್ನು ಬೈಯೋದು ಸುಲಭ. ಒಳ್ಳೆಯವನ ಚಿತ್ರದ ಮುಂದೆ ನಿಂತಾಗಲೇ ವಿಮರ್ಶೆಯ ಗಂಟಲು ಒಣಗೋದು.

ಈಗ ಬರೆದವನ ಕಡೆ ಬರೋಣ. ರಿಗೋ ಹುಟ್ಟಿದ್ದು 1659ರಲ್ಲಿ, ಪೆರ್ಪಿನ್ಯಾಂ ಎಂಬ ಊರಲ್ಲಿ. ಅಪ್ಪ ದರ್ಜಿ. ದರ್ಜಿಯ ಮಗ ಪ್ಯಾರಿಸಿಗೆ ಬಂದು ಇಡೀ ಯುರೋಪಿನಲ್ಲೇ ಬಟ್ಟೆ ಬರೆಯೋದರಲ್ಲಿ ನಿಪುಣನಾದ. 1701ರಲ್ಲಿ ಹದಿನಾಲ್ಕನೇ ಲೂಯಿಯ ದೊಡ್ಡ ಚಿತ್ರ ಬರೆದ. ಅದು ಸ್ಪೇನಿನ ದೊರೆಯಾದ ಮೊಮ್ಮಗನಿಗೆ ಕಳಿಸೋಕೆ ಅಂತ ಬರೆಸಿದ್ದು. ಚಿತ್ರ ನೋಡಿದ ರಾಜ ಅದನ್ನು ತಾನೇ ಇಟ್ಟುಕೊಂಡು ಇನ್ನೊಂದು ನಕಲು ಮಾಡಿಸಲು ಹೇಳಿದ. ಅಲ್ಲಿಂದ ಮುಂದೆ ಯುರೋಪಿನ ರಾಜರು, ಬಿಷಪ್ಪರು, ಸೇನಾಪತಿಗಳು ರಿಗೋನ ಬಾಗಿಲಿಗೆ ಬಂದರು. ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಇದು? ಆಗಲಿಲ್ಲ. ಚಿತ್ರಶಾಲೆ ಬೆಳೆಯಿತು.

ಅಲ್ಲಿ ಕೆಲಸ ಹೇಗೆ ನಡೀತಿತ್ತು ಅಂದರೆ: ದೊಡ್ಡವರು ಬಂದು ಕೂರೋದು ಮುಖ ಬರೆಯುವಷ್ಟು ಹೊತ್ತು ಮಾತ್ರ. ಮುಖ ಯಜಮಾನನದು. ಆ ರಾಜನ ಚಿತ್ರದಲ್ಲಂತೂ ಮುಖವನ್ನು ಬೇರೆ ಚಿಕ್ಕ ಬಟ್ಟೆಯ ಮೇಲೆ ಬರೆದು, ಆಮೇಲೆ ದೊಡ್ಡ ಬಟ್ಟೆಗೆ ಸೇರಿಸಿದ್ದಾರೆ. ಉಳಿದದ್ದು ಹಂಚಿಕೆ. ಒಬ್ಬ ಉಡುಪು ಬರೆಯುತ್ತಾನೆ, ಒಬ್ಬ ಹೂವು, ಇನ್ನೊಬ್ಬ ಹಿಂದೆ ಕಾಣುವ ಯುದ್ಧರಂಗ. ದರವೂ ಹಾಗೇ. ಹೊಸ ಭಂಗಿ, ಹೊಸ ಉಡುಪು ಬೇಕೆಂದರೆ ಒಂದು ರೇಟು. ಈಗಾಗಲೇ ಬೇರೆಯವರಿಗೆ ಬರೆದ ಭಂಗಿ, ಬೇರೆಯವರಿಗೆ ತೊಡಿಸಿದ ಉಡುಪೇ ಸಾಕೆಂದರೆ ಇನ್ನೊಂದು ರೇಟು. ನಕಲಿಗೆ ಮತ್ತೊಂದು. ದರ್ಜಿಯ ಮಗನಿಗೆ ಅಳತೆಯ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದು ನಮಗೆ ಗೊತ್ತಾಗೋದು ಹೇಗೆ? ರಿಗೋ ಲೆಕ್ಕದ ಪುಸ್ತಕ ಇಟ್ಟಿದ್ದ. ಅದು ಪ್ಯಾರಿಸಿನಲ್ಲಿ ಇವತ್ತೂ ಉಳಿದಿದೆ, 1919ರಲ್ಲಿ ಅಚ್ಚಾಗಿಯೂ ಬಂದಿದೆ. ಯಾರ ಚಿತ್ರ, ಎಷ್ಟು ಹಣ ಬಂತು ಅನ್ನೋದರ ಜತೆಗೆ, ಯಾವ ಸಹಾಯಕ ಏನು ಬರೆದ, ಅವನಿಗೆ ಎಷ್ಟು ಕೊಟ್ಟೆ ಅನ್ನೋದೂ ಅದರಲ್ಲಿದೆ. ಸೆವೆ ದ ಲಾ ಪೆನೇ ಎಂಬ ಸಹಾಯಕನ ಹೆಸರು ಮತ್ತೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಅವನು ಇನ್ನೊಬ್ಬರ ಬಟ್ಟೆಗಳನ್ನು, ಇನ್ನೊಬ್ಬರ ಚಿತ್ರಗಳ ನಕಲುಗಳನ್ನು ಬರೆದ. ಚಿತ್ರದ ಮೇಲೆ ಸಹಿ ಯಜಮಾನನದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಕೂಲಿಯವನ ಹೆಸರಿದೆ.

ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕೂಲಿ ಕೊಟ್ಟ ಕಡೆ ಹೆಸರು ಉಳಿದಿದೆ.

ನಕಲು ಯಾಕೆ ಬೇಕು? ನಮ್ಮ ರೂಪನಿಷ್ಠ ವಿಮರ್ಶಕರನ್ನು ಕೇಳಿದರೆ ನಕಲಿನ ಬಗ್ಗೆ ಮಾತಾಡೋಕೇ ಮುಜುಗರ ಪಡುತ್ತಾರೆ. ಅದು ಪ್ರತಿಭೆಯಲ್ಲ, ಕೇವಲ ಕಸುಬು ಅಂತಾರೆ. ನನಗೆ ಕಾಣೋದು ಬೇರೆ. ಇಂಥ ಚಿತ್ರ ಹುಟ್ಟೋದೇ ನಕಲಾಗೋದಕ್ಕೆ. ಮಂತ್ರಿ ಒಬ್ಬ. ಅವನು ಇರಬೇಕಾದ ಜಾಗ ನೂರು. ರಾಯಭಾರಿಯ ಮನೆ, ಮಠ, ನೆಂಟರ ಹಜಾರ, ಕಚೇರಿ ಎಲ್ಲ ಕಡೆ ಅವನು ಕೂತಿರಬೇಕು. ಮೈ ಹೋಗಲಾರದ ಕಡೆ ಚಿತ್ರ ಹೋಗುತ್ತದೆ. ಫ್ಲರಿಯ ಚಿತ್ರ ಬಣ್ಣದಲ್ಲಿ ಹಲವು ಸಲ ನಕಲಾಯಿತು. ಅದು ಸಾಲದು ಅಂತ 1730ರಲ್ಲಿ ಪಿಯೇರ್ ದ್ರೆವೆ ತಾಮ್ರದ ಹಲಗೆಯಲ್ಲಿ ಕೊರೆದು ಕಾಗದದ ಮೇಲೆ ಅಚ್ಚು ಹಾಕಿದ.

ಇನ್ನೂ ಒಂದು ತಮಾಷೆ ಇದೆ. ಡಯೋಜಿನಿಸ್ ಅನ್ನೋ ಗ್ರೀಕ್ ಜ್ಞಾನಿ ಹಗಲು ಹೊತ್ತಿನಲ್ಲಿ ದೀಪ ಹಿಡಿದು ನಿಜವಾದ ಮನುಷ್ಯನನ್ನು ಹುಡುಕುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಜಾಕ್ ಒತ್ರೋ ಎಂಬ ಚಿತ್ರಗಾರ ಆ ಕಥೆಗೆ ಮುಕ್ತಾಯ ಬರೆದ. ಅವನ ಚಿತ್ರದಲ್ಲಿ ಡಯೋಜಿನಿಸ್‌ಗೆ ಆ ಮನುಷ್ಯ ಕಡೆಗೂ ಸಿಕ್ಕಿದ್ದಾನೆ. ಯಾರು? ಕಾರ್ಡಿನಲ್ ಫ್ಲರಿ! ಅದೂ ಫ್ಲರಿ ಸಿಕ್ಕಿಲ್ಲ, ಫ್ಲರಿಯ ಚಿತ್ರ ಸಿಕ್ಕಿದೆ. ದೊರೆಯ ಎದುರಿಗೇ ‘ಬಿಸಿಲು ಬಿಡು, ಅತ್ತ ಸರಿ’ ಅಂದನೆಂದು ಹೆಸರಾದ ಬಡವನನ್ನು ಹಿಡಿದು ತಂದು ಮಂತ್ರಿಯ ಪಟ ಹೊರೋ ಆಳು ಮಾಡಿದರು. ಬಂಡಾಯದ ಮಾತನ್ನು ಆಳುವವರು ಹೀಗೂ ಬಳಸಿಕೊಳ್ಳುತ್ತಾರೆ. ನಮ್ಮ ಮಾತಿಗೂ ಇದು ಆಗಬಹುದು, ಎಚ್ಚರ.

ಈಗ 1738ಕ್ಕೆ ಬರೋಣ.

ಆ ವರ್ಷ ಜೂನ್ ತಿಂಗಳಲ್ಲಿ ಫ್ಲರಿಯ ಹಣಕಾಸು ಮಂತ್ರಿ ಫಿಲಿಬೇರ್ ಒರಿ ಪ್ರಾಂತಗಳ ಅಧಿಕಾರಿಗಳಿಗೆ ಒಂದು ಆದೇಶ ಕಳಿಸಿದ. ದೇಶಕ್ಕೆ ಒಳ್ಳೆ ರಸ್ತೆ ಬೇಕು. ಬೊಕ್ಕಸದಲ್ಲಿ ಹಣ ತೆಗೆಯಬಾರದು. ಹಾಗಾದರೆ ಯಾರು ಮಾಡಬೇಕು? ರಸ್ತೆ ಹಾದುಹೋಗುವ ಆಸುಪಾಸಿನ ಹಳ್ಳಿಗಳ ರೈತರು, ಕೂಲಿಗಳು. ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು, ತಮ್ಮದೇ ಗಾಡಿ, ತಮ್ಮದೇ ದನ ಕಟ್ಟಬೇಕು. ಕೂಲಿ ಇಲ್ಲ. ದಿನದ ಲೆಕ್ಕ ಪ್ರಾಂತಕ್ಕೊಂದು ಥರ. ಕೆಲವು ಕಡೆ ಕಡಿಮೆ, ಕೆಲವು ಕಡೆ ವರ್ಷದಲ್ಲಿ ತಿಂಗಳ ತನಕ. ಕೆಲವು ಪ್ರಾಂತಗಳಲ್ಲಿ ಮೊದಲೇ ಇದ್ದ ಈ ಪದ್ಧತಿ ಈಗ ಬಹುಪಾಲು ರಾಜ್ಯಕ್ಕೆ ನಿಯಮವಾಯಿತು. ಫ್ರೆಂಚಿನಲ್ಲಿ ಇದರ ಹೆಸರು ಕೊರ್ವೇ. ನಮ್ಮಲ್ಲಿ ಇದಕ್ಕೆ ಹಳೇ ಹೆಸರಿದೆ: ಬಿಟ್ಟಿ.

ಯಾರು ಹೋಗಬೇಕಾಗಿರಲಿಲ್ಲ? ಪಾದ್ರಿಗಳು ಹೋಗಬೇಕಾಗಿರಲಿಲ್ಲ. ಜಹಗೀರುದಾರರು ಹೋಗಬೇಕಾಗಿರಲಿಲ್ಲ. ದೊಡ್ಡ ಪಟ್ಟಣಗಳ ಜನವೂ ಹೋಗಬೇಕಾಗಿರಲಿಲ್ಲ. ಆ ರಸ್ತೆಯ ಮೇಲೆ ಕುದುರೆಗಾಡಿ ಓಡಿಸುವವರು ಯಾರೋ ಅವರೇ ಹೋಗಬೇಕಾಗಿರಲಿಲ್ಲ.

ಅದೇ 1738ರ ಡಿಸೆಂಬರಿನಲ್ಲಿ ಇನ್ನೊಂದು ರಾಜಾಜ್ಞೆ ಹೊರಟಿತು. ವೆಸ್ಟ್ ಇಂಡೀಸಿನ ಸಕ್ಕರೆ ತೋಟಗಳಿಂದ ಯಜಮಾನರ ಜತೆ ಫ್ರಾನ್ಸಿಗೆ ಬರುವ ಕಪ್ಪು ಗುಲಾಮರ ಬಗ್ಗೆ. ಅವರು ಫ್ರಾನ್ಸಿನ ನೆಲದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಯಜಮಾನ ಒಪ್ಪಿದರೂ ಅಲ್ಲಿ ಮದುವೆ ಆಗುವ ಹಾಗಿಲ್ಲ. ನಿಯಮ ಮೀರಿದರೆ ಗುಲಾಮನನ್ನು ರಾಜನ ಹೆಸರಿಗೆ ಜಪ್ತಿ ಮಾಡಿ ವಾಪಸ್ಸು ತೋಟಕ್ಕೆ ಕಳಿಸಬೇಕು. ಜಪ್ತಿ ಅನ್ನೋ ಶಬ್ದ ಗಮನಿಸಿ. ಸಾಮಾನಿಗೆ ಬಳಸೋ ಶಬ್ದ.

ಒಂದೇ ವರ್ಷ, ಒಂದೇ ಸರ್ಕಾರ, ಎರಡು ಕಾಗದ. ಆಳ್ವಿಕೆಯ ಮುಖ ಮಾತ್ರ ಅದೇ ಸಮಾಧಾನದ ಅಜ್ಜನ ಮುಖ.

ಇಲ್ಲಿ ಒಂದು ನ್ಯಾಯವಾದ ತಕರಾರು ಬರುತ್ತದೆ. ಚಿತ್ರ ಬರೆದದ್ದು 1728ರಲ್ಲಿ, ಬಿಟ್ಟಿಯ ಆದೇಶ ಹೊರಟದ್ದು 1738ರಲ್ಲಿ. ಹತ್ತು ವರ್ಷ ಮೊದಲಿನ ಚಿತ್ರದಲ್ಲಿ ರಸ್ತೆ ಹುಡುಕೋದು ಕುಚೋದ್ಯ ಅಲ್ಲವೇ? ಚಿತ್ರಗಾರನಿಗೆ ಆದೇಶದ ಹೊಣೆ ಹೊರಿಸೋದು ಯಾವ ವಿಮರ್ಶೆ? ಒಪ್ಪುತ್ತೇನೆ. ರಿಗೋನ ಮೇಲೆ ನಾನು ಖಟ್ಲೆ ಹಾಕುತ್ತಿಲ್ಲ. ಆದರೆ ಚಿತ್ರದ ಕೆಲಸ ಏನು ಅಂತ ಕೇಳುತ್ತಿದ್ದೇನೆ. ಆದೇಶ ಊರಿಗೆ ಬರುವುದಕ್ಕೆ ಮೊದಲೇ ಮುಖ ಕಚೇರಿಯ ಗೋಡೆಗೆ ಬಂದಿರುತ್ತದೆ. ‘ಇಂಥ ಒಳ್ಳೆಯವರು ಹೇಳಿದ್ದಾರೆ ಅಂದ ಮೇಲೆ ಒಳ್ಳೆಯದಕ್ಕೇ ಇರಬೇಕು’ ಅಂತ ಜನರ ಮನಸ್ಸನ್ನು ಹದ ಮಾಡಿ ಇಡೋದೇ ಆ ಮುಖದ ಕೆಲಸ. ಅದಕ್ಕೇ ನಕಲು ಬೇಕು. ಅದಕ್ಕೇ ಅಷ್ಟು ನಯವಾದ ಲೇಸು ಬೇಕು. ಕನ್ನಡದಲ್ಲಿ ಲೇಸು ಅಂದರೆ ಒಳ್ಳೆಯದು ಅಂತ ಅರ್ಥ. ಇಲ್ಲಿ ಆ ಎರಡೂ ಒಂದೇ ಹೊಲಿಗೆಯಲ್ಲಿ ಸೇರಿಹೋಗಿವೆ.

‘ಆ ಕಾಲ ಹಾಗಿತ್ತು, ಬೇರೆ ದಾರಿ ಇರಲಿಲ್ಲ’ ಅನ್ನೋದು ಎರಡನೇ ತಕರಾರು. ಇದನ್ನು ಒಪ್ಪೋದಿಲ್ಲ. ದಾರಿ ಇತ್ತು. ಫ್ರಾನ್ಸಿನ ದಕ್ಷಿಣದಲ್ಲಿ ಆಗ ಲಾಂಗ್ದೋಕ್ ಎಂಬ ಪ್ರಾಂತ ಇತ್ತು. ಅಲ್ಲಿ ಪ್ರಾಂತದ ಸಭೆಯೇ ತೆರಿಗೆ ಹಣದಿಂದ ರಸ್ತೆ ಮಾಡಿಸುತ್ತಿತ್ತು. ರಸ್ತೆಗೆ ಬಿಟ್ಟಿ ಇರಲಿಲ್ಲ. ಅಲ್ಲಿನ ರಸ್ತೆಗಳು ಕೆಟ್ಟದಾಗಿರಲಿಲ್ಲ, ಪ್ರವಾಸಿಗಳು ಕೊಂಡಾಡಿದ ರಸ್ತೆಗಳು. ಫ್ಲರಿ ಹುಟ್ಟಿದ ಲೊದೇವ್ ಯಾವ ಪ್ರಾಂತದಲ್ಲಿತ್ತು? ಅದೇ ಲಾಂಗ್ದೋಕಿನಲ್ಲಿ! ಕೂಲಿ ಕೊಟ್ಟು ರಸ್ತೆ ಮಾಡಿಸೋದು ಸಾಧ್ಯ ಅಂತ ತಿಳಿಯೋಕೆ ಇವನು ಹುಟ್ಟಿದೂರಿನ ಕಡೆ ಒಮ್ಮೆ ತಿರುಗಿ ನೋಡಿದ್ದರೆ ಸಾಕಾಗಿತ್ತು. ನೋಡಲಿಲ್ಲ ಅಥವಾ ನೋಡಿಯೂ ಸುಮ್ಮನಿದ್ದ. ಒಳ್ಳೆ ಮನುಷ್ಯ ಖರ್ಚು ಉಳಿಸಿದ. ಆ ಉಳಿತಾಯ ಯಾರ ಬೆನ್ನಿನಿಂದ ಬಂತು ಅನ್ನೋದನ್ನು ಉಳಿತಾಯದ ಲೆಕ್ಕದಲ್ಲಿ ಬರೆಯೋದಿಲ್ಲ.

ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. 1776ರಲ್ಲಿ ತ್ಯುರ್ಗೋ ಎಂಬ ಮಂತ್ರಿ ಬಿಟ್ಟಿಯನ್ನು ತೆಗೆದುಹಾಕಿ ಎಲ್ಲ ಜಮೀನುದಾರರೂ ರಸ್ತೆಗೆ ಹಣ ಕೊಡಬೇಕು ಅಂದ. ಪ್ಯಾರಿಸಿನ ದೊಡ್ಡ ನ್ಯಾಯಸಭೆ ತಿರುಗಿಬಿತ್ತು. ಅದರ ವಾದದ ತಿರುಳು ಇಷ್ಟು: ಪಾದ್ರಿಗಳ ಸೇವೆ ಪ್ರಾರ್ಥನೆ, ಕುಲೀನರ ಸೇವೆ ರಕ್ತ ಮತ್ತು ಸಲಹೆ, ಉಳಿದ ಜನದ ಸೇವೆ ತೆರಿಗೆ ಮತ್ತು ಮೈದುಡಿಮೆ. ಈ ಏಣಿ ಅಲುಗಿಸಿದರೆ ಸಮಾಜವೇ ಕುಸಿಯುತ್ತದೆ. ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಾಯಿ, ತೋಳು, ಪಾದ ಅಂತ ಮೈಯನ್ನು ಹಂಚಿ ಹೇಳಿದ ಮಾತನ್ನು ಕೇಳುತ್ತಾ ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಕೇ? ತ್ಯುರ್ಗೋ ಅದೇ ವರ್ಷ ಕುರ್ಚಿ ಕಳೆದುಕೊಂಡ. ಆಗಸ್ಟಿನಲ್ಲಿ ಬಿಟ್ಟಿ ವಾಪಸ್ಸು ಬಂತು. ಅದು ಹಣದ ತೆರಿಗೆಯಾಗಿ ಬದಲಾಗೋದಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ 1789 ಬಾಗಿಲಿಗೆ ಬಂದಿತ್ತು.

ಈಗ ಮತ್ತೆ ಆ ಲೆಕ್ಕದ ಪುಸ್ತಕ. ಲೇಸು ಬರೆದವರಿಗೆ ಕೂಲಿ ಸಿಕ್ಕಿತು, ಅದಕ್ಕೇ ಅವರ ಹೆಸರು ಸಿಕ್ಕಿತು. ರಸ್ತೆ ಕಡಿದವರಿಗೆ ಕೂಲಿ ಇಲ್ಲ, ಆದ್ದರಿಂದ ಅವರಿಗೆ ಕೊಟ್ಟ ಹಣದ ಲೆಕ್ಕವೂ ಇಲ್ಲ. ಬಾರದವರಿಗೆ ಹಾಕಿದ ಶಿಕ್ಷೆಯ ಕಾಗದದಲ್ಲಿ ಅಲ್ಲೊಂದು ಇಲ್ಲೊಂದು ಹೆಸರು ಇರಬಹುದು. ಬಿಟ್ಟಿ ಮಾಡಿದವನ ಹೆಸರು ದಾಖಲೆಗೆ ಬರಬೇಕಾದರೆ ಅವನು ತಪ್ಪು ಮಾಡಬೇಕು.

ನನಗೆ ಇದು ಪುಸ್ತಕದ ಜ್ಞಾನ ಅಲ್ಲ. ನಮ್ಮಜ್ಜ ಊರ ಯಜಮಾನರ ಹಟ್ಟಿಯಲ್ಲಿ, ಹೊಲದಲ್ಲಿ, ಹಬ್ಬದಲ್ಲಿ, ಸಾವಿನಲ್ಲಿ ಬಿಟ್ಟಿ ಮಾಡಿದ. ಎಷ್ಟು ವರ್ಷ, ಎಷ್ಟು ದಿನ? ಯಾವ ಕಾಗದದಲ್ಲೂ ಇಲ್ಲ. ನಮ್ಮವ್ವ ರಸ್ತೆ ಕೆಲಸಕ್ಕೆ ಹೋಗಿ ಜಲ್ಲಿ ಒಡೆದಳು. ಅಲ್ಲಿ ಮಸ್ಟರ್ ರೋಲ್ ಇತ್ತು. ಅವಳ ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತು. ಕೂಲಿ ಸರಿಯಾಗಿ ಬಂತೇ ಅನ್ನೋದು ಬೇರೆ ಜಗಳ. ಆದರೆ ನಮ್ಮ ವಂಶದಲ್ಲಿ ದುಡಿಮೆಯ ಪಕ್ಕದಲ್ಲಿ ಹೆಸರು ಬಿದ್ದದ್ದು ಅದೇ ಮೊದಲು. ಮೂರನೇ ತಲೆಮಾರಿನ ನಾನು ಪದವಿ ಸರ್ಟಿಫಿಕೇಟಿಗೆ ಸಹಿ ಹಾಕಿ ತಂದೆ. ಆ ಸಹಿಯ ಕೆಳಗೆ ಅವ್ವನ ಹೆಬ್ಬೆಟ್ಟು, ಅದರ ಕೆಳಗೆ ಅಜ್ಜನ ಏನೂ ಇಲ್ಲದ ಖಾಲಿ ಜಾಗ.

ಆದ್ದರಿಂದ ನಕಲು ಬರೆದ ಆ ಸಹಾಯಕನನ್ನು ನಾನು ಕೀಳಾಗಿ ಕಾಣಲಾರೆ. ಅವನು ಕಸುಬುದಾರ. ಬೆಳಗಿಂದ ಸಂಜೆವರೆಗೆ ಕೂತು ಇನ್ನೊಬ್ಬನ ಕೆಂಪು ರೇಷ್ಮೆಯ ಒಂದೊಂದು ಮಡಿಕೆಗೂ ಜೀವ ಕೊಟ್ಟ. ಕೂಲಿಗೆ ಕೆಲಸ ಮಾಡೋದು ತಪ್ಪಲ್ಲ. ಆದರೆ ಅವನನ್ನು ನೋಡಿದಾಗ ನನಗೆ ಭಯ ಆಗುತ್ತದೆ. ಯಾಕೆಂದರೆ ಅವನಲ್ಲಿ ನಾನು ಕಾಣಿಸುತ್ತೇನೆ.

ಮೊದಲ ತಲೆಮಾರಿಗೆ ಅಕ್ಷರ ಕಲಿತ ನಮ್ಮಂಥವರಿಗೆ ಮೊದಲು ಸಿಗೋ ಕೆಲಸವೇ ನಕಲು. ಅವರ ಭಾಷೆ ಚೆನ್ನಾಗಿದೆ, ಹಾಗೇ ಬರೆ. ಅವರ ಛಂದಸ್ಸು ಚೆನ್ನಾಗಿದೆ, ಹಾಗೇ ಕಟ್ಟು. ಅವರ ನಾಯಕನ ಮೈಮೇಲಿನ ರೇಷ್ಮೆ ಹೊಳೆಯಲಿ. ಚೆನ್ನಾಗಿ ಬರೆದರೆ ಶಭಾಷ್ ಅಂತಾರೆ, ಸನ್ಮಾನವೂ ಸಿಗಬಹುದು. ರಿಗೋಗೂ ಸಿಕ್ಕಿತು. 1709ರಲ್ಲಿ ಅವನ ಹುಟ್ಟೂರು ಅವನನ್ನು ಕುಲೀನರ ಸಾಲಿಗೆ ಸೇರಿಸಿತು. 1727ರಲ್ಲಿ ರಾಜ ಬಿರುದು ಕೊಟ್ಟ. ದರ್ಜಿಯ ಮಗ ಮೇಲೆ ಹೋದ. ಆದರೆ ಅವನ ಕುಂಚದಿಂದ ಹೆಸರಾದ ಆ ದೊಡ್ಡ ಚಿತ್ರಗಳಲ್ಲಿ ಬಟ್ಟೆ ಇದೆ, ಹೊಲಿದವನಿಲ್ಲ.

ಒಂದು ಕಡೆ ಮಾತ್ರ ಬೇರೆ ಥರ ಇದೆ. 1695ರಲ್ಲಿ ರಿಗೋ ಊರಿಗೆ ಹೋಗಿ ತನ್ನ ತಾಯಿ ಮರಿಯಾ ಸೆರಾಳ ಚಿತ್ರ ಬರೆದ. ಅದು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಒಂದೇ ಬಟ್ಟೆಯ ಮೇಲೆ ಒಬ್ಬಳೇ ಮುದುಕಿ ಎರಡು ಸಲ ಇದ್ದಾಳೆ, ಎರಡು ಕಡೆಯಿಂದ ನೋಡಿದ ಹಾಗೆ. ಶಿಲ್ಪಿಯೊಬ್ಬ ಅದನ್ನು ನೋಡಿ ಅವಳ ಅಮೃತಶಿಲೆಯ ಮೂರ್ತಿ ಕೆತ್ತಲಿ ಅಂತ ಹಾಗೆ ಬರೆದದ್ದು. ತಲೆಗೆ ಬಿಳಿ ಬಟ್ಟೆ, ಮುಖದ ತುಂಬ ಸುಕ್ಕು. ಹಿಂದೆ ಪರದೆ ಇಲ್ಲ, ಕಂಬ ಇಲ್ಲ. ರೇಷ್ಮೆಯ ಮಡಿಕೆ ಬರೆಯೋ ಚಾತುರ್ಯಕ್ಕೆ ಅಲ್ಲಿ ಕೆಲಸವೇ ಇಲ್ಲ. ಆದರೂ ಕಾರ್ಡಿನಲ್‌ನ ಚಿತ್ರಕ್ಕಿಂತ ಅದು ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿತು. ತಾನು ಬರೆಯಬಲ್ಲದ್ದು ಏನು ಅನ್ನೋದು ಆ ಚಿತ್ರಗಾರನಿಗೆ ಗೊತ್ತಿತ್ತು ಅಂತ ಅದು ಸಾಕ್ಷಿ ಹೇಳುತ್ತದೆ. ಮಾರುಕಟ್ಟೆ ಕೇಳಿದ್ದು ಮಾತ್ರ ಬೇರೆ.

ಹಳ್ಳಿ ಶಾಲೆಯಲ್ಲಿ ಪಾಠ ಮಾಡುವ ಮೇಷ್ಟ್ರುಗಳಿಗೆ ಒಂದು ಮಾತು. ಚರಿತ್ರೆಯ ಪುಸ್ತಕದಲ್ಲಿ ದೊಡ್ಡವರ ಚಿತ್ರ ಬಂದಾಗ ಹುಡುಗರು ಹುಟ್ಟಿದ ವರ್ಷ, ಸತ್ತ ವರ್ಷ ಬಾಯಿಪಾಠ ಮಾಡುತ್ತಾರೆ. ಅದರ ಜತೆ ಇನ್ನೆರಡು ಪ್ರಶ್ನೆ ಕೇಳಿಸಿ. ಈ ಚಿತ್ರದಲ್ಲಿರೋ ಬಟ್ಟೆ, ಕುರ್ಚಿ, ಬಣ್ಣ ಯಾರ ಕೈಕೆಲಸ? ಇವನ ಕಾಲದ ರಸ್ತೆ, ಕೆರೆ, ಅರಮನೆ ಕಟ್ಟಿದವರಿಗೆ ಕೂಲಿ ಸಿಕ್ಕಿತೇ? ಇದಕ್ಕೆ ದೊಡ್ಡ ಸೌಂದರ್ಯಮೀಮಾಂಸೆ ಏನೂ ಬೇಕಿಲ್ಲ. ಹೊಟ್ಟೆಗೆ ದುಡಿಯುವ ಮನೆಯ ಹುಡುಗರಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. ನಾವು ಅದನ್ನು ಬಾಯಿ ಮುಚ್ಚಿಸದಿದ್ದರೆ ಸಾಕು.

ಬರೆಯುವ ಗೆಳೆಯರಿಗೂ ಇಷ್ಟೇ. ಕಾರ್ಡಿನಲ್‌ನ ಚಿತ್ರವನ್ನು ಹರಿದುಹಾಕಿ ಅಂತ ನಾನು ಹೇಳುತ್ತಿಲ್ಲ. ಅದು ಇರಲಿ, ಚೆನ್ನಾಗಿದೆ. ಅದರ ಪಕ್ಕದ ಗೋಡೆ ಖಾಲಿ ಇದೆ. ಅಲ್ಲಿ ಇರಬೇಕಾದವರು ಜಲ್ಲಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ನನ್ನ ಪಾಲಿಗೆ ಬಂದ ಕೆಲಸ ಅವರದು. ಶುರು ಮಾಡಿದ್ದೇನೆ. ಇನ್ನೂ ಕೈ ಕುದುರಿಲ್ಲ. ಅವ್ವ ಕೂತು ಕಲ್ಲು ಒಡೆಯುವಾಗ ಎಡಗೈ ಎಲ್ಲಿ ಇಡುತ್ತಿದ್ದಳು ಅನ್ನೋದನ್ನು ಕೇಳಿ ತಿಳಿದು ಬರೆಯಬೇಕು.